ಭಾವನ ವಂಶವೃಕ್ಷದಲ್ಲಿ ಅವ್ವನ ಕೊಂಬೆ

ನಮ್ಮ ಭಾವ ನಿವೃತ್ತರಾದ ಮೇಲೆ ಮಾಡಿದ ಮೊದಲ ಕೆಲಸ ತಮ್ಮ ಪೂರ್ವಜರನ್ನು ಹುಡುಕಿದ್ದು. ಅಲ್ಲಿಯವರೆಗೆ ಶೃಂಗೇರಿಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಬದುಕಿರುವ ಜನ ಎದುರಿಗೆ ಬಂದು ನಿಂತರೂ ಕಡತದಿಂದ ತಲೆ ಎತ್ತದ ಮನುಷ್ಯನಿಗೆ ಸತ್ತವರ ಮೇಲೆ ಇಷ್ಟು ಅಕ್ಕರೆ ಇದೆಯೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೇಗುಂದದವರು. ಒಂದಿಷ್ಟು ತೋಟ, ಹೆಂಚಿನ ಮನೆ, ಮನೆಗಿಂತ ದೊಡ್ಡದಾದ ಮನೆತನದ ಮಾತು. ನಾವು ಬಸರೀಕಟ್ಟೆಯ ಹತ್ತಿರದ ಒಂದು ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿ ಬೆಳೆದವರು. ಅಪ್ಪ, ಅವ್ವ ಇಬ್ಬರೂ ಅಲ್ಲಿ ಕೂಲಿಗೆ ಹೋಗುತ್ತಿದ್ದರು. ಜಾತಿ ಒಂದೇ, ಅಕ್ಕ ನೋಡಲು ಚೆನ್ನಾಗಿದ್ದಳು, ಹಾಗಾಗಿ ಮದುವೆ ನಡೆಯಿತು. ಆದರೆ ಭಾವ ನಮ್ಮ ಲೈನ್ ಮನೆಯಲ್ಲಿ ಒಂದು ದಿನವೂ ಕುಳಿತು ಊಟ ಮಾಡಲಿಲ್ಲ. ಬಾಗಿಲ ಬಳಿ ನಿಂತೇ ಕಾಫಿ ಕುಡಿದು, ಲೋಟವನ್ನು ಕಿಟಕಿಯ ಮೇಲಿಟ್ಟು, ಜೀಪು ತಪ್ಪಿಹೋಗುತ್ತದೆ ಎಂದು ಹೊರಟುಬಿಡುತ್ತಿದ್ದರು. ಜೀಪು ಯಾವಾಗಲೂ ಅವರು ಹೋಗಿ ಎಷ್ಟೋ ಹೊತ್ತಾದ ಮೇಲೆ ಬರುತ್ತಿತ್ತು.

ಅಪ್ಪ ತೀರಿಹೋಗಿ ವರ್ಷಗಳಾದವು. ನಾನು ಮದುವೆಯ ತಂಟೆಗೆ ಹೋಗದೆ ಪ್ರಾಥಮಿಕ ಶಾಲೆಯ ಟೀಚರಾಗಿ, ಅವ್ವನನ್ನು ಕೊಪ್ಪದ ಬಾಡಿಗೆ ಮನೆಗೆ ಕರೆತಂದೆ. ನಾವಿಬ್ಬರೇ ಇರುತ್ತೇವೆ.

ಭಾವ ತಮ್ಮ ಕಡೆಯ ವಂಶವೃಕ್ಷವನ್ನು ಪಹಣಿ, ಮ್ಯುಟೇಶನ್, ಪಾಲುಪಟ್ಟಿ ಎಲ್ಲ ಜಾಲಾಡಿ ಮುಗಿಸಿದರು. ಜಮೀನಿದ್ದವರು ಸತ್ತರೂ ಕಾಗದದಲ್ಲಿ ಉಳಿಯುತ್ತಾರೆ, ಅದರಲ್ಲಿ ಕಷ್ಟವೇನಿಲ್ಲ. ಮೂಲಪುರುಷ ಕೆರೆಕಟ್ಟೆ ಕಡೆಯಿಂದ ಬಂದವನೆಂದು ತೀರ್ಮಾನವಾಯಿತು. ಅವನ ಮಕ್ಕಳು, ಅವರ ಮಕ್ಕಳು, ಎಲ್ಲರಿಗೂ ಒಂದೊಂದು ಚೌಕ. ಎಲ್ಲರೂ ಗಂಡಸರು. ಆ ಗಂಡಸರನ್ನು ಹೆತ್ತವರು ಯಾರೆಂದು ಹುಡುಕಿದರೆ, ಅಲ್ಲಲ್ಲಿ ಚೌಕದ ಪಕ್ಕ ಸಣ್ಣ ಅಕ್ಷರದಲ್ಲಿ ‘ಪತ್ನಿ’ ಎಂದಿತ್ತು. ಹೆಸರಿಲ್ಲ. ಅಂಥ ಹಲವಾರು ಪತ್ನಿಯರು ಆ ಮರದಲ್ಲಿ ಒಂದೇ ಹೆಸರಿಟ್ಟುಕೊಂಡು ಕೂತಿದ್ದರು.

ಅಲ್ಲಿಗೇ ನಿಲ್ಲಿಸಿದ್ದರೆ ನಮಗೆ ಏನೂ ತೊಂದರೆಯಿರಲಿಲ್ಲ. ಆದರೆ ಶೃಂಗೇರಿಯಲ್ಲಿ ಫ್ಲೆಕ್ಸ್ ಮಾಡುವವನು ಕಂಪ್ಯೂಟರಿನಲ್ಲಿ ಮರ ಬಿಡಿಸುವಾಗ, ಎಡಗಡೆ ಕೊಂಬೆ ತುಂಬಿದೆ, ಬಲಗಡೆ ಬೋಳಾಗಿದೆ, ನೋಡಲು ಚೆಂದ ಕಾಣುವುದಿಲ್ಲ ಎಂದನಂತೆ. ಅಮ್ಮನವರ ಕಡೆಯವರನ್ನು ಹಾಕಿದರೆ ಸರಿಯಾಗುತ್ತದೆ ಎಂದೂ ಹೇಳಿದನಂತೆ. ಹೀಗೆ ಮರಕ್ಕೆ ಬಲಗಡೆ ಭಾರ ಸಾಲದೆ ಭಾವನಿಗೆ ತಮ್ಮ ಹೆಂಡತಿಗೂ ತಂದೆತಾಯಿ ಇದ್ದಾರೆಂಬುದು ನೆನಪಾಯಿತು.

ಒಂದು ಭಾನುವಾರ ಅಕ್ಕನನ್ನು ಕರೆದುಕೊಂಡು ಕೊಪ್ಪಕ್ಕೆ ಬಂದರು. ಕೈಯಲ್ಲಿ ಜಿಪ್ ಇರುವ ಫೈಲು. ಅವ್ವ ಎದುರಿಗೇ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳನ್ನು ದಾಟಿಕೊಂಡು ನನ್ನ ಬಳಿ ಬಂದು ಕುಳಿತರು.

“ನೋಡು, ನೀನು ಜನಗಣತಿ ಮಾಡಿದೋಳು. ಹಳೇ ಗಣತಿ ಪುಸ್ತಕ ಎಲ್ಲ ಎಲ್ಲಿ ಇಟ್ಟಿರ್ತಾರೆ? ನಿಮ್ಮ ಅಜ್ಜ, ಮುತ್ತಜ್ಜ ಯಾವ ಊರಲ್ಲಿ ಎಷ್ಟನೇ ಮನೆಯಲ್ಲಿದ್ರು, ಎಲ್ಲ ಸಿಗ್ತದೆ ಅದರಲ್ಲಿ.”

“ಸಿಗಲ್ಲ ಭಾವ,” ಎಂದೆ. “ಹೆಸರು ಬರ್ಕೊಳ್ತೇವೆ ಹೌದು. ಆದ್ರೆ ಅದನ್ನ ಯಾರಿಗೂ ತೋರ್ಸೋ ಹಾಗಿಲ್ಲ. ಕಡೆಗೆ ಉಳಿಯೋದು ಲೆಕ್ಕ ಮಾತ್ರ. ಈ ಊರಲ್ಲಿ ಇಷ್ಟು ಮನೆ, ಇಷ್ಟು ಗಂಡಸ್ರು, ಇಷ್ಟು ಹೆಂಗಸ್ರು.”

“ಅದು ಸುಮ್ನೆ ಹೇಳೋದು. ಸರ್ಕಾರ ಒಂದು ಕಾಗದ ಎಸೆಯಲ್ಲ. ನಂಗೆ ಗೊತ್ತಿಲ್ವ?”

ಗಣತಿಗೆ ನಾವು ಹೋಗುತ್ತಿದ್ದುದು ಹೇಗೆಂದು ಅವರಿಗೆ ಹೇಳಬೇಕೆನಿಸಿತು, ಹೇಳಲಿಲ್ಲ. ತರಬೇತಿಯಲ್ಲಿ ಒಂದು ಚೀಲ, ಒಂದು ಟೋಪಿ ಕೊಟ್ಟು, ದೇಶ ಕಟ್ಟುವ ಕೆಲಸ ಎಂದು ಭಾಷಣ ಮಾಡಿ ಕಳಿಸುತ್ತಿದ್ದರು. ಎಸ್ಟೇಟಿನ ಲೈನಿಗೆ ಹೋದರೆ ಗಂಡಸರೆಲ್ಲ ಕೆಲಸಕ್ಕೆ ಹೋಗಿರುತ್ತಿದ್ದರು. ಯಜಮಾನನ ಹೆಸರೇನು ಎಂದರೆ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾಳೆ. ಗಂಡನ ಹೆಸರು ಹೇಳುವ ಪದ್ಧತಿಯಿಲ್ಲ. ಒಬ್ಬಳು ಗೋಡೆಯ ಕ್ಯಾಲೆಂಡರಿನಲ್ಲಿದ್ದ ದೇವರನ್ನು ತೋರಿಸಿದಳು. ಆ ದೇವರಿಗೋ ಸಾವಿರ ಹೆಸರು. ಪಕ್ಕದ ಮನೆಯವಳು ನೆರವಿಗೆ ಬಂದು, ಲೈನಿನಲ್ಲಿ ಎಲ್ಲರೂ ಕರೆಯುವ ಅಡ್ಡಹೆಸರು ಹೇಳಿದಳು. ವಯಸ್ಸೆಷ್ಟು ಎಂದರೆ, ದೊಡ್ಡ ಗಾಳಿ ಬಂದು ಮರ ಬಿದ್ದ ವರ್ಷ ಮೀಸೆ ಬಂದಿತ್ತು ಎನ್ನುತ್ತಾರೆ. ನಾವು ಅವರ ಮುಖ ನೋಡಿ ಒಂದು ವಯಸ್ಸು ಬರೆಯುತ್ತಿದ್ದೆವು. ದೇಶ ಕಟ್ಟುವ ಕೆಲಸ ಆಗುತ್ತಿದ್ದುದು ಹೀಗೆ. ಆ ಪುಸ್ತಕಗಳನ್ನು ಯಾರಿಗೂ ತೋರಿಸುವುದಿಲ್ಲ ಎಂಬುದು ನನ್ನ ಮಟ್ಟಿಗೆ ಸರ್ಕಾರ ತೆಗೆದುಕೊಂಡ ಅತ್ಯಂತ ವಿವೇಕದ ತೀರ್ಮಾನ.

ಭಾವ ನನ್ನ ಮಾತು ನಂಬದೆ ಕೊಪ್ಪದ ಕಚೇರಿಗಳನ್ನೆಲ್ಲ ಸುತ್ತಿದರು. ತಾವು ಜೀವಮಾನವಿಡೀ ಜನರಿಗೆ ಹೇಳಿದ್ದ ‘ನಾಳೆ ಬನ್ನಿ’ಯನ್ನು ತಾವೇ ಕೇಳಿಸಿಕೊಂಡು ಬಂದರು. ಒಂದು ವಾರ ಸಪ್ಪಗಿದ್ದರಂತೆ. ಆಮೇಲೆ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಮತ್ತೆ ಚಿಗುರಿದರು. ಗಣತಿಯ ಹೆಸರು ಸಿಗದಿದ್ದರೆ ಚಿಂತೆಯಿಲ್ಲ, ಅದಕ್ಕೆ ಬದಲಾಗಿ ಬೇರೆ ಪಟ್ಟಿಗಳಿವೆ ಎಂದು ಅದರಲ್ಲಿ ಹೇಳಿದ್ದರಂತೆ. ಮತದಾರರ ಪಟ್ಟಿ, ಶಾಲೆಯ ದಾಖಲಾತಿ, ರೇಷನ್ ಕಾರ್ಡಿನ ಪಟ್ಟಿ. ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ಹೋಲಿಸಿದರೆ ಸತ್ಯ ಹೊರಗೆ ಬರುತ್ತದಂತೆ.

“ಬಾಯಿಮಾತು ನಂಬೋ ಹಾಗಿಲ್ಲ,” ಎಂದು ನನಗೆ ಫೋನಿನಲ್ಲಿ ತಿಳಿಸಿದರು. “ದಾಖಲೆ ಬೇಕು. ದಾಖಲೆ ಇಲ್ಲದಿದ್ರೆ ಅದು ಕಥೆ.”

ಒಬ್ಬರ ಊರು, ತಂದೆ, ತಾಯಿ ತಿಳಿಯಬೇಕಾದರೆ ಅವರನ್ನೇ ಕೇಳಬಹುದು ಎಂಬುದು ಆ ವಿಡಿಯೋದಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಅವ್ವ ಆಗಲೂ ನನ್ನ ಪಕ್ಕದಲ್ಲೇ ಕೂತು ಟಿವಿ ನೋಡುತ್ತಿದ್ದಳು.

ಮುಂದಿನ ಸಲ ಬಂದಾಗ ಭಾವನ ಮುಖ ಗಂಭೀರವಾಗಿತ್ತು. ಅಕ್ಕ ಸೀದಾ ಅಡುಗೆಮನೆಗೆ ಹೋದಳು. ಭಾವ ನನ್ನನ್ನು ಹೊರಗೆ ಕರೆದು ದನಿ ತಗ್ಗಿಸಿದರು.

“ಒಂದು ಸೂಕ್ಷ್ಮ ವಿಷಯ. ಬೇಜಾರು ಮಾಡ್ಕೋಬಾರ್ದು. ಮಾವನಿಗೆ ಇನ್ನೊಂದು ಸಂಬಂಧ ಇತ್ತಾ?”

“ಎಂತ ಭಾವ ಅದು?”

ಅವರು ಫೈಲಿನ ಜಿಪ್ ಎಳೆದರು. ಎರಡು ಬೇರೆ ಬೇರೆ ವರ್ಷಗಳ ಮತದಾರರ ಪಟ್ಟಿಗಳನ್ನು ತೆಗೆದಿದ್ದರು. ಒಂದರಲ್ಲಿ ಅವ್ವನ ಹೆಸರು ಇದ್ದಂತೆ ಇತ್ತು, ಗಂಡನ ಹೆಸರಿನ ಜಾಗದಲ್ಲಿ ಅಪ್ಪನ ಅಡ್ಡಹೆಸರು. ಇನ್ನೊಂದರಲ್ಲಿ ಅವ್ವನ ಹೆಸರಿನ ಕಡೆಯ ಅಕ್ಷರ ಬಿದ್ದುಹೋಗಿ ಬೇರೆಯೇ ಹೆಸರಾಗಿತ್ತು. ವಯಸ್ಸು ಹಿಂದಿನದಕ್ಕಿಂತ ಕಡಿಮೆಯಾಗಿತ್ತು. ಲಿಂಗ ಎಂಬ ಕಡೆ ‘ಪುರುಷ’ ಎಂದಿತ್ತು. ಅದನ್ನು ಮಾತ್ರ ಭಾವ ಅಚ್ಚಿನ ದೋಷ ಎಂದು ಒಪ್ಪಿಕೊಂಡಿದ್ದರು. ಉಳಿದದ್ದರಿಂದ, ಒಂದೇ ಮನೆ ನಂಬರಿನಲ್ಲಿ ಇಬ್ಬರು ಹೆಂಗಸರು ವಾಸವಾಗಿದ್ದರು ಎಂದು ಸಾಬೀತುಪಡಿಸಿದ್ದರು.

“ಅಷ್ಟೇ ಆಗಿದ್ರೆ ನಾನು ಹೇಳ್ತಿರ್ಲಿಲ್ಲ. ಇದನ್ನ ನೋಡು.” ನಮ್ಮ ಶಾಲೆಯ ದಾಖಲಾತಿಯ ನಕಲು. ಅದರ ಪ್ರಕಾರ ನನಗೂ ಅಕ್ಕನಿಗೂ ಹುಟ್ಟಿನಲ್ಲಿ ಕೆಲವೇ ತಿಂಗಳ ಅಂತರ. “ಒಬ್ಬಳೇ ತಾಯಿಗೆ ಇದು ಸಾಧ್ಯನಾ? ಎರಡು ದಾಖಲೆ, ಬೇರೆ ಬೇರೆ ಇಲಾಖೆದು, ಒಂದೇ ಕಡೆ ಬೆರಳು ತೋರಿಸ್ತಿದಾವೆ.”

ನನಗೆ ನಗು, ಸಿಟ್ಟು ಎರಡೂ ಒಟ್ಟಿಗೆ ಬಂದವು. ನಮ್ಮ ಕಾಲದಲ್ಲಿ ಲೈನಿನ ಮಕ್ಕಳ ಜನ್ಮದಿನವನ್ನು ಬರೆಯುತ್ತಿದ್ದವರು ಹೆಡ್‌ಮಾಸ್ತರು. ಕೈ ತಲೆಯ ಮೇಲಿಂದ ಬಳಸಿ ಆ ಕಡೆಯ ಕಿವಿ ಮುಟ್ಟಿದರೆ ಸೇರಿಸಿಕೊಂಡರು, ತಮಗೆ ಅನುಕೂಲವಾದ ತಾರೀಕು ಹಾಕಿದರು. ಇದನ್ನು ವಿವರಿಸುವಷ್ಟರಲ್ಲಿ ಅಕ್ಕ ಕಾಫಿ ಹಿಡಿದು ಬಾಗಿಲಿಗೆ ಬಂದಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

“ಹಂಗಾರೆ ನಾನು ಯಾವ ಹೆಂಡ್ತಿ ಮಗಳು?” ಎಂದು ಕೇಳಿದಳು. “ನಿಮ್ಮ ಪಟ್ಟಿ ನೋಡಿ ಹೇಳಿ. ಇಷ್ಟು ವರ್ಷ ಯಾರ ಮಗಳ ಜೊತೆ ಸಂಸಾರ ಮಾಡಿದ್ದು ಅಂತ ನಿಮಗೂ ಗೊತ್ತಾಗ್ಲಿ.”

“ಸಂಶೋಧನೆಯಲ್ಲಿ ಭಾವನೆ ತರ್ಬಾರ್ದು,” ಎಂದರು ಭಾವ.

ಒಳಗಿನಿಂದ ಅವ್ವ ಕೂಗಿದಳು: “ಎಂತ ಮಾರಾಯ್ತಿ ಗಲಾಟೆ ಅದು?”

“ಏನಿಲ್ಲವ್ವ, ಅಪ್ಪನಿಗೆ ಇನ್ನೊಂದು ಹೆಂಡ್ತಿ ಸಿಕ್ಕಿದಾಳೆ,” ಎಂದಳು ಅಕ್ಕ.

“ಸಿಕ್ಕಿದ್ರೆ ಕಳ್ಸು. ನಂಗೆ ಒಬ್ಬಳೇ ನೀರು ಹೊತ್ತು ಸಾಕಾಗಿತ್ತು,” ಎಂದಳು ಅವ್ವ. ಆದರೆ ಆ ದಿನ ಮಧ್ಯಾಹ್ನ ಅವಳು ಊಟ ಮಾಡಲಿಲ್ಲ. ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳದೆ ಬದುಕಿದವಳಿಗೆ ಇಂಥ ಮಾತು ಹೇಗೆ ತಾಗಿರಬಹುದೆಂದು ಅಳೆಯುವ ಯಾವ ಪಟ್ಟಿಯೂ ಭಾವನ ಫೈಲಿನಲ್ಲಿ ಇರಲಿಲ್ಲ.

ಇನ್ನೊಬ್ಬಳು ಹೆಂಡತಿಯನ್ನು ಅವರು ಕಷ್ಟದಿಂದ ಬಿಟ್ಟುಕೊಟ್ಟರು. ಬಿಟ್ಟಮೇಲೆ ಅವ್ವನ ತವರಿನ ಕಡೆ ತಿರುಗಿದರು.

ಅವ್ವ ಹುಟ್ಟಿದ್ದು ನರಸಿಂಹರಾಜಪುರದ ಆಚೆ, ಭದ್ರಾ ಹೊಳೆಯ ದಂಡೆಯ ಒಂದು ಊರಿನಲ್ಲಿ. ಅವಳು ಹುಡುಗಿಯಾಗಿದ್ದಾಗ ಅಣೆಕಟ್ಟಿನ ಹಿನ್ನೀರು ಏರಿ ಆ ಊರು ಮುಳುಗಿತು. ಅವಳ ಮನೆಯವರು ನಡೆಯುತ್ತ, ಸಿಕ್ಕಲ್ಲಿ ಕೂಲಿ ಮಾಡುತ್ತ, ಕಡೆಗೆ ಬಸರೀಕಟ್ಟೆಯ ಎಸ್ಟೇಟಿಗೆ ಬಂದು ಸೇರಿದರು. ಅವಳ ಅಪ್ಪ, ಅಜ್ಜಿ ಇಬ್ಬರೂ ನಾವು ಹುಟ್ಟುವ ಮೊದಲೇ ಎಸ್ಟೇಟಿನಲ್ಲೇ ತೀರಿಹೋದರು. ಅವರ ಬಗ್ಗೆ ನಮಗೆ ಗೊತ್ತಿದ್ದುದು ಇಷ್ಟೇ.

ಭಾವ ಮೊದಲು ಹಳೆಯ ಗಣತಿಯ ಒಂದು ಅಚ್ಚಾದ ಪುಟವನ್ನು ಎಲ್ಲಿಂದಲೋ ತಂದರು. ಅದರಲ್ಲಿ ಆ ಮುಳುಗಿದ ಊರಿನ ಹೆಸರು, ಮನೆ ಎಷ್ಟು, ಜನ ಎಷ್ಟು ಎಂಬ ಅಂಕಿಗಳು. “ನೋಡು, ಈ ಅಂಕಿ ಒಳಗೆ ನಿಮ್ಮ ಮುತ್ತಜ್ಜಿ ಇದಾರೆ,” ಎಂದು ಬೆರಳಿಟ್ಟು ತೋರಿಸಿದರು. ಅವರ ಕಣ್ಣು ತೇವವಾಗಿತ್ತು. ಮುತ್ತಜ್ಜಿಯ ಮೊಮ್ಮಗಳು ಪಕ್ಕದಲ್ಲಿ ಕೂತು ಕೆಮ್ಮುತ್ತಿದ್ದಳು, ಅವಳಿಗೆ ಒಂದು ಲೋಟ ಬಿಸಿನೀರು ಕೊಡಬೇಕೆಂದು ಆ ತೇವದ ಕಣ್ಣಿಗೆ ತೋಚಲಿಲ್ಲ.

ಆಮೇಲೆ ನರಸಿಂಹರಾಜಪುರದ ಒಬ್ಬ ಪರಿಚಯದವರ ಮೂಲಕ ಮುಳುಗಡೆಯವರ ಪಟ್ಟಿಯ ಜೆರಾಕ್ಸ್ ಸಿಕ್ಕಿತು. ಯಾರ್ಯಾರ ಜಮೀನು ನೀರಿಗೆ ಹೋಯಿತು, ಯಾರ್ಯಾರಿಗೆ ಪರಿಹಾರ ಬಂತು ಎಂಬುದರ ಪಟ್ಟಿ. ಯಜಮಾನನ ಹೆಸರು, ತಂದೆಯ ಹೆಸರು, ಮನೆಯಲ್ಲಿದ್ದವರ ಹೆಸರುಗಳು. ಭಾವ ಅದನ್ನು ಹಿಡಿದು ಮತ್ತೆ ನಮ್ಮಲ್ಲಿಗೆ ಬಂದರು. ಅಕ್ಕ ಆ ದಿನ ಬಂದಿರಲಿಲ್ಲ. ಈ ಸಲ ಅವರು ಅವ್ವನ ಎದುರಿಗೇ ಕುರ್ಚಿ ಎಳೆದುಕೊಂಡರು. ನ್ಯಾಯಾಧೀಶರು ತೀರ್ಪು ಓದುವ ಹಾಗೆ ಕನ್ನಡಕ ಸರಿಮಾಡಿಕೊಂಡರು.

“ಅತ್ತೆ, ಪಟ್ಟಿ ಪೂರ್ತಿ ನೋಡ್ದೆ. ನಿಮ್ಮ ಅಪ್ಪನ ಹೆಸರು ಇದರಲ್ಲಿ ಇಲ್ಲ. ದಾಖಲೆ ಪ್ರಕಾರ ನಿಮ್ಮವ್ರು ಆ ಊರಲ್ಲಿ ಇರ್ಲೇ ಇಲ್ಲ ಅಂತ ಆಗ್ತದೆ.”

“ಇರ್ಲಿಲ್ವಾ?”

“ದಾಖಲೆ ಪ್ರಕಾರ.”

ಅವ್ವ ಮೊರವನ್ನು ಕೆಳಗಿಟ್ಟಳು. ನಾನು ಬಾಯಿ ಹಾಕಿದೆ. “ಭಾವ, ಅದು ಜಮೀನಿದ್ದೋರ ಪಟ್ಟಿ. ಕೂಲಿಯವ್ರಿಗೆ ಮುಳುಗೋದಕ್ಕೆ ಎಂತ ಇತ್ತು? ಪರಿಹಾರ ಯಾರು ಕೊಡ್ತಾರೆ ಅವ್ರಿಗೆ? ಹೋದ ವಾರ ಅಂಕಿ ಒಳಗೆ ಇದಾರೆ ಅಂದ್ರಿ, ಈ ವಾರ ಊರಲ್ಲೇ ಇರ್ಲಿಲ್ಲ ಅಂತೀರಿ.”

“ಅದಕ್ಕೇ ಹೇಳೋದು, ಹೆಸರು ಮುಖ್ಯ. ಅಂಕಿಲಿ ಯಾರು ಬೇಕಾದ್ರೂ ಇರ್ಬಹುದು.”

ಅವ್ವ ನಮ್ಮಿಬ್ಬರ ಮಾತು ಕೇಳಿಸಿಕೊಳ್ಳಲೇ ಇಲ್ಲ ಎಂಬಂತೆ ಭಾವನನ್ನು ನೋಡುತ್ತ ಕೂತಿದ್ದಳು. ಆಮೇಲೆ ಹೇಳಿದಳು: “ಯಾವ ಹೆಸರು ಬೇಕು ಕೇಳಿ ಮಾರಾಯ್ರೆ. ಹೇಳ್ತೇನೆ.”

ಭಾವನಿಗೆ ಬಾಯಿಮಾತಿನ ಮೇಲೆ ನಂಬಿಕೆಯಿಲ್ಲ. ಆದರೂ ಅತ್ತೆಯ ಸಮಾಧಾನಕ್ಕೆಂದು ಪೆನ್ಸಿಲ್ ತೆಗೆದರು. “ನಿಮ್ಮ ಅಜ್ಜನ ಹೆಸರು?”

ಅವ್ವ ಒಂದು ಹೆಸರು ಹೇಳಿದಳು. ಭಾವ ಬೇಕೋ ಬೇಡವೋ ಎಂಬಂತೆ ಪಟ್ಟಿಯ ಮೇಲೆ ಪೆನ್ಸಿಲ್ ಆಡಿಸಿದರು. ಪೆನ್ಸಿಲ್ ಒಂದು ಕಡೆ ನಿಂತಿತು.

“ಅವರ ತಂದೆ?” ದನಿ ಬದಲಾಗಿತ್ತು.

ಅವ್ವ ಹೇಳಿದಳು. “ಅಜ್ಜಿ?” ಹೇಳಿದಳು. “ಅಜ್ಜನ ತಮ್ಮಂದಿರು?” ಅವರನ್ನೂ, ಅವರ ಹೆಂಡತಿಯರನ್ನೂ, ಹಿರಿಯಳಾದ ಒಬ್ಬ ವಿಧವೆ ಅತ್ತಿಗೆಯನ್ನೂ ಸರಸರ ಹೇಳಿಬಿಟ್ಟಳು. ಅವ್ವನಿಗೆ ಓದು ಬರುವುದಿಲ್ಲ, ಕಾಗದ ಭಾವನ ಕೈಯಲ್ಲಿತ್ತು.

“ಇದಾರೆ!” ಭಾವ ಕುರ್ಚಿಯಿಂದ ಎದ್ದೇಬಿಟ್ಟರು. “ಎಲ್ಲಾ ಇದಾರೆ! ಒಂದೂ ತಪ್ಪಿಲ್ಲ! ನಿಮ್ಮ ಅಪ್ಪನ್ನ ಬರಿಯೋಕೆ ಗುಮಾಸ್ತ ಮರ್ತಿರ್ಬೇಕು, ಅಷ್ಟೇ! ನೀವು ಮೊದ್ಲೇ ಹೇಳ್ಬಾರ್ದಾ ಅತ್ತೆ? ನಿಮ್ಮವ್ರದ್ದು ಎಷ್ಟು ಜಮೀನು ಇತ್ತು ಗೊತ್ತಾ ಅಲ್ಲಿ?”

“ಗೊತ್ತು,” ಎಂದಳು ಅವ್ವ. “ಕಳೆ ತೆಗ್ದೋಳಿಗೆ ಗೊತ್ತಿರಲ್ವಾ?”

ಆ ಮಾತು ಭಾವನ ಕಿವಿಗೆ ಬೀಳಲಿಲ್ಲ. ಅವರು ಆಗಲೇ ಫ್ಲೆಕ್ಸಿನವನಿಗೆ ಫೋನು ಹಚ್ಚಿದ್ದರು. ಹೊರಡುವಾಗ ಅವ್ವನ ಕಾಲಿಗೆ ನಮಸ್ಕಾರ ಮಾಡಿದರು. ಮದುವೆಯ ದಿನ ಪುರೋಹಿತರು ಹೇಳಿದರೆಂದು ಮಾಡಿದ್ದು ಬಿಟ್ಟರೆ ಅದೇ ಮೊದಲ ಸಲ.

ಅವರ ಕಾರು ತಿರುವು ದಾಟಿದ ಮೇಲೆ ನಾನು ಕೇಳಿದೆ. “ಯಾರವ್ವ ಅವ್ರೆಲ್ಲ? ನಾನು ಕೇಳೇ ಇಲ್ಲ ಆ ಹೆಸರು.”

“ನಾವು ಕೆಲ್ಸಕ್ಕಿದ್ದ ಮನೆಯವ್ರು. ಒಡೇರು.”

“ಅವ್ವಾ!”

“ಪಟ್ಟಿಲಿ ಇದ್ದೋರು ಬೇಕು ಅಂದ್ರಲ್ಲ. ಪಟ್ಟಿಲಿ ಇದ್ದೋರನ್ನೇ ಕೊಟ್ಟೆ.” ಮೊರ ಮತ್ತೆ ತೊಡೆಯ ಮೇಲೆ ಬಂದಿತ್ತು. “ನಾವು ಅಲ್ಲಿ ಇರ್ಲೇ ಇಲ್ವಂತೆ. ನೋಡಿದ್ಯಾ ಮಾತು?”

“ನಿನ್ನ ಅಜ್ಜಿ ಹೆಸರು ನಿಜವಾಗ್ಲೂ ಎಂತ?”

ಅವ್ವ ಬಹಳ ಹೊತ್ತು ಯೋಚಿಸಿದಳು. “ನಾವು ದೊಡ್ಡವ್ವ ಅಂತಿದ್ವಿ. ಒಡೇರ ಮನೇಲಿ ‘ಏಯ್’ ಅಂತಿದ್ರು. ಹೆಸರು ಹಿಡ್ದು ಕರ್ದೋರನ್ನ ನಾನು ಕಂಡಿಲ್ಲ ಕಣೆ.”

ಭಾವನಿಗೆ ಫೋನು ಮಾಡಿ ಹೇಳೋಣವೆಂದೆ. ಅವ್ವ ಬೇಡವೆಂದಳು. ಅವರು ಖುಷಿಯಾಗಿ ಹೋಗಿದ್ದಾರೆ, ನಮಗೇನು ನಷ್ಟ ಎಂದಳು. ನಾನೂ ಹೆಚ್ಚು ಒತ್ತಾಯ ಮಾಡಲಿಲ್ಲ. ಸತ್ಯ ಹೇಳಬೇಕೆಂದರೆ ಆ ಫ್ಲೆಕ್ಸನ್ನು ನೋಡುವ ಆಸೆ ನನಗೂ ಇತ್ತು.

ಅಕ್ಕನ ಮಗನಿಗೆ ಹೆಣ್ಣು ಮಗುವಾಗಿತ್ತು. ಆ ಮಗುವಿನ ನಾಮಕರಣದ ದಿನ ಮೇಗುಂದದ ಮನೆಯಲ್ಲಿ ನೆಂಟರೆಲ್ಲ ಸೇರಿದರು. ಜಗಲಿಯ ಗೋಡೆಯನ್ನು ತುಂಬಿ ಆ ಮರ ನಿಂತಿತ್ತು. ಹಸಿರು ಎಲೆ, ಕಂದು ಬಣ್ಣದ ಬೊಡ್ಡೆ, ಮೇಲೊಂದು ಸೂರ್ಯ. ಬಲಗಡೆಯ ಕೊಂಬೆ ಈಗ ಎಡಗಡೆಯಷ್ಟೇ ದಪ್ಪ. ಅಲ್ಲಿ ನನ್ನ ಅವ್ವ ತನ್ನ ಒಡೆಯರ ಮೊಮ್ಮಗಳಾಗಿ ಒಂದು ಚೌಕದಲ್ಲಿ ಕೂತಿದ್ದಳು.

ಭಾವ ಅವ್ವನನ್ನು ಕೈಹಿಡಿದು ಕರೆದುಕೊಂಡು ಹೋಗಿ ಮುಂದಿನ ಸಾಲಿನ ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಬಂದವರಿಗೆಲ್ಲ ಪರಿಚಯ ಮಾಡಿಸಿದರು. “ನಮ್ಮ ಅತ್ತೆ. ಮುಳುಗಡೆಯಲ್ಲಿ ಜಮೀನು ಕಳ್ಕೊಂಡ ಮನೆತನ. ಆ ಕಾಲಕ್ಕೆ ದೊಡ್ಡ ಕುಳ.” ಮೊದಲು ಅವ್ವ ಈ ಮನೆಗೆ ಬಂದರೆ ಹಿಂದಿನ ಬಾಗಿಲಿಂದ ಬಂದು ಅಡುಗೆಮನೆಯ ಮೂಲೆಯಲ್ಲಿ ತೆಂಗಿನಕಾಯಿ ತುರಿಯುತ್ತ ಕೂರುತ್ತಿದ್ದಳು. ಯಾರೂ ಅವಳನ್ನು ಜಗಲಿಗೆ ಕರೆದುದಿಲ್ಲ. ಅವಳು ಅದೇ ಹೆಂಗಸು, ಅದೇ ಹತ್ತಿಸೀರೆ. ಒಂದು ಜೆರಾಕ್ಸ್ ಕಾಗದ ಅವಳನ್ನು ತುರಿಮಣೆಯಿಂದ ಕುರ್ಚಿಗೆ ಏರಿಸಿತ್ತು. ಭಾವನ ಒಬ್ಬ ಚಿಕ್ಕಪ್ಪ ಎದ್ದು ಬಂದು, ನಿಮ್ಮ ಮುಖಲಕ್ಷಣ ನೋಡಿದರೇ ತಿಳಿಯುತ್ತಿತ್ತು ಎಂದು ಅವ್ವನಿಗೆ ಹೇಳಿದರು. ಅದೇ ಲಕ್ಷಣ ಅವರಿಗೆ ಅಷ್ಟು ವರ್ಷ ಯಾಕೆ ತಿಳಿಯಲಿಲ್ಲವೆಂದು ನಾನು ಕೇಳಬಹುದಿತ್ತು. ಹೋಳಿಗೆ ಬಾಯಲ್ಲಿತ್ತು.

ಇದೆಲ್ಲ ಹಾಗೆಯೇ ಕಳೆದುಹೋಗುತ್ತಿತ್ತೋ ಏನೋ. ಆದರೆ ಅಕ್ಕ ಆ ಮರದ ಮುಂದೆ ನಿಂತುಬಿಟ್ಟಿದ್ದಳು. ಅವಳಿಗೆ ವಿಷಯ ಗೊತ್ತಿರಲಿಲ್ಲ. ಕೊಂಬೆಯ ತುದಿಯ ಒಂದು ಹೆಸರನ್ನು ಬೆರಳಿಂದ ಮುಟ್ಟಿ, ಅವ್ವನ ಬಳಿ ಬಂದು ಕುರ್ಚಿಯ ಪಕ್ಕ ಕೂತಳು.

“ಅವ್ವ, ನಿನ್ನ ಅಜ್ಜಿ ಹೆಸರು ಎಷ್ಟು ಚೆಂದ ಇದೆ. ಮಗುಗೆ ಅದನ್ನೇ ಇಡೋದು ಅಂತ ಇವರೂ ಹೇಳಿದಾರೆ. ನಮ್ಮ ಕಡೆ ಹೆಸರು ಈ ಮನೆಯಲ್ಲಿ ಒಂದಾದ್ರೂ ಉಳೀಲಿ.”

ಅವ್ವನ ಮುಖ ಕಪ್ಪಿಟ್ಟಿತು. ಎದ್ದು, ಅಕ್ಕನ ರಟ್ಟೆ ಹಿಡಿದು ಅಡುಗೆಮನೆಯ ಹಿಂದಿನ ಬಚ್ಚಲಿನವರೆಗೆ ಎಳೆದುಕೊಂಡು ಹೋದಳು. ನಾನೂ ಹಿಂದೆ ಓಡಿದೆ.

“ಆ ಹೆಂಗ್ಸಿನ ಹೆಸರು ನಮ್ಮ ಕೂಸಿಗೆ ಬೇಡ,” ಎಂದಳು ಅವ್ವ. “ಅದು ನಿನ್ನ ಮುತ್ತಜ್ಜಿ ಅಲ್ಲ ಕಣೆ. ಅದು ಒಡತಿ. ನೀರು ಹಿತ್ತಲಿಗೆ ಬಂದಾಗ್ಲೂ ದೊಡ್ಡವ್ವನ ಕೈಲಿ ಅವರ ಒರಳು, ಒನಕೆ, ಹಂಡೆ, ಬಾವಿ ಹಗ್ಗ ಎಲ್ಲ ಹೊರ್ಸಿ ಗಾಡಿ ತುಂಬಿಸ್ಕೊಂಡ್ಳು. ತುಂಬಿದ್ ಮೇಲೆ ಜಾಗ ಇಲ್ಲ, ನೀವು ನಡ್ಕೊಂಡು ಬನ್ನಿ ಅಂದ್ಳು. ಎಲ್ಲಿಗೆ ಅಂತ ಹೇಳ್ಲೇ ಇಲ್ಲ. ನಾವು ಗಾಡಿ ಹಿಂದೆ ನಡ್ದು ನಡ್ದು, ಗಾಡಿ ಕಾಣ್ದೇ ಹೋಯ್ತು.”

ಅಕ್ಕನ ಸಿಟ್ಟು ಒಡೆಯಿತು. ಅದು ಭಾವನ ಮೇಲಲ್ಲ, ಅವ್ವನ ಮೇಲೆ. “ಯಾಕೆ ಕೊಟ್ಟೆ ಹಂಗಾರೆ ಆ ಹೆಸರು? ನಾನು ಬೆಳಿಗ್ಗೆ ಆ ಗೋಡೆಗೆ ಹೂವು ಏರ್ಸಿದ್ದೇನೆ! ಅವಳಿಗೆ ಕೈ ಮುಗ್ದಿದ್ದೇನೆ!” ಎಂದು ಅಳತೊಡಗಿದಳು. ಅವ್ವನಿಗೂ ತಾನು ಮಾಡಿದ್ದು ತಮಾಷೆಯಾಗಿ ಉಳಿದಿಲ್ಲವೆಂದು ಆಗ ತಿಳಿಯಿತು. ಸೆರಗಿನಿಂದ ಅಕ್ಕನ ಮುಖ ಒರೆಸಿ, “ಹೋಗ್ಲಿ ಬಿಡೆ, ಹೋಗ್ಲಿ,” ಎಂದು ಸುಮ್ಮನೆ ಹೇಳುತ್ತಿದ್ದಳು.

ಅಕ್ಕ ಬಿಡುವವಳಲ್ಲ. ಭಾವನನ್ನು ಹಿತ್ತಲಿಗೆ ಕರೆಸಿ ಎಲ್ಲವನ್ನೂ ಹೇಳಿದಳು. ಭಾವ ತಾಳ್ಮೆಯಿಂದ ಕೇಳಿಸಿಕೊಂಡರು. ಅವರು ಕಚೇರಿಯಲ್ಲಿ ಅರ್ಜಿದಾರರ ಮಾತನ್ನು ಹೀಗೇ ಕೇಳುತ್ತಿದ್ದಿರಬೇಕು. ಮುಗಿದ ಮೇಲೆ ಹೇಳಿದರು:

“ಅತ್ತೆಗೆ ವಯಸ್ಸಾಯ್ತು. ಈಗ ಗಲಿಬಿಲಿ ಆಗಿ ಏನೋ ಹೇಳ್ತಿದಾರೆ. ಆವತ್ತು ಹೇಳಿದ್ದು ಒಂದೊಂದೂ ಪಟ್ಟಿಗೆ ಹೊಂದಿದೆ. ಇವತ್ತು ಹೇಳಿದ್ದಕ್ಕೆ ಎಂತ ದಾಖಲೆ ಇದೆ?”

“ಅವ್ವ ಇದಾಳಲ್ಲ! ಎದುರಿಗೆ ನಿಂತಿದಾಳೆ!” ಎಂದಳು ಅಕ್ಕ.

“ಅದೇ ಹೇಳ್ತಿರೋದು ನಾನು. ಅದು ಬಾಯಿಮಾತು.”

ನಾನು ಆ ಮನುಷ್ಯನ ಮುಖ ನೋಡಿದೆ. ಅದರಲ್ಲಿ ಕಪಟವೇನೂ ಇರಲಿಲ್ಲ. ಅವರಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು. ಅಚ್ಚಾದ ಸುಳ್ಳೂ ಉಸಿರಾಡುವ ಸಾಕ್ಷಿಯೂ ಎದುರಾದರೆ ಯಾವುದನ್ನು ನಂಬಬೇಕೆಂಬ ಬಗ್ಗೆ ಜೀವಮಾನದಲ್ಲಿ ಒಮ್ಮೆಯೂ ಅವರಿಗೆ ಅನುಮಾನ ಬಂದಿರಲಿಲ್ಲ. ಮಗುವಿಗೆ ಒಡತಿಯ ಹೆಸರನ್ನೇ ಇಡುವುದು ಎಂದು ಹೇಳಿ, ಪುರೋಹಿತರು ಕಾಯುತ್ತಿದ್ದಾರೆಂದು ಒಳಗೆ ಹೋದರು.

ತೊಟ್ಟಿಲ ಬಳಿ ಹೆಸರು ಹೇಳುವ ಹೊತ್ತಿಗೆ ಅಕ್ಕನ ಸೊಸೆ ಬಾಯಿಬಿಟ್ಟಳು. ಅಲ್ಲಿಯವರೆಗೆ ಅವಳನ್ನು ಯಾರೂ ಒಂದು ಮಾತೂ ಕೇಳಿರಲಿಲ್ಲ.

“ಮಾವ, ಹೆಸರು ಆಗ್ಲೇ ಆಗಿದೆಯಲ್ಲ. ಜನನ ಪ್ರಮಾಣಪತ್ರಕ್ಕೆ ಕೊಟ್ಟಾಯ್ತು. ಆಧಾರ್‌ಗೂ ಹಾಕಿದ್ದೇವೆ.”

ಅವಳು ಮೊಬೈಲಿನಲ್ಲಿ ತೋರಿಸಿದಳು. ಎರಡೇ ಅಕ್ಷರದ, ಯಾವ ಅಜ್ಜಿಯದೂ ಅಲ್ಲದ, ಯಾವ ಭಾಷೆಯದೆಂದೂ ಹೇಳಲಾಗದ ಒಂದು ಹೆಸರು. ಭಾವ ಮೊಬೈಲನ್ನು ಹತ್ತಿರ ಹಿಡಿದು, ದೂರ ಹಿಡಿದು ಓದಿದರು. ಸರ್ಕಾರದ ಮುದ್ರೆಯಿತ್ತು, ನಂಬರಿತ್ತು. ಮೊಬೈಲನ್ನು ಸೊಸೆಯ ಕೈಗೆ ಮರಳಿಸಿದರು. ದಾಖಲೆಯ ಎದುರು ಮಾತಾಡುವ ಅಭ್ಯಾಸ ಅವರಿಗೆ ಇರಲಿಲ್ಲವಲ್ಲ. ಪುರೋಹಿತರು ಆ ಎರಡು ಅಕ್ಷರವನ್ನೇ ಮಂತ್ರದ ನಡುವೆ ಸೇರಿಸಿ ಕೆಲಸ ಮುಗಿಸಿದರು. ಅವ್ವ ಮಗುವಿನ ಕೆನ್ನೆ ಮುಟ್ಟಿ, “ಇದು ಪರವಾಗಿಲ್ಲ ಬಿಡಿ. ಕರಿಯೋಕೆ ಸುಲಭ,” ಎಂದಳು.

ಫ್ಲೆಕ್ಸ್ ಇವತ್ತಿಗೂ ಗೋಡೆಯ ಮೇಲಿದೆ. ಭಾವ ಅದನ್ನು ತೆಗೆಯಲಿಲ್ಲ, ತಿದ್ದಲೂ ಇಲ್ಲ. ಅಕ್ಕ ಅದರ ಬಲಗಡೆಗೆ ಒಂದು ಬೀರು ಸರಿಸಿದ್ದಾಳೆ. ಭಾವ ಕೇಳಿದಾಗ, ಅಲ್ಲಿ ಗೋಡೆಗೆ ತೇವ ಹಿಡಿಯುತ್ತದೆ, ಬೀರು ಇದ್ದರೆ ಒಳ್ಳೆಯದು ಎಂದಳಂತೆ. ಬೀರುವಿಗೂ ತೇವಕ್ಕೂ ಏನು ಸಂಬಂಧವೆಂದು ಭಾವ ಕೇಳಲಿಲ್ಲ. ಅವರು ಈಗ ಬೇರೆ ಯಾರದೋ ಮನೆತನದ ವಂಶವೃಕ್ಷ ಮಾಡಿಕೊಡುವುದರಲ್ಲಿ ಮುಳುಗಿದ್ದಾರೆ. ಊರಿನಲ್ಲಿ ಅವರಿಗೆ ಸಂಶೋಧಕರು ಎಂಬ ಹೆಸರು ಬಂದಿದೆ.

ಮೊನ್ನೆ ಬೇಸಿಗೆಯಲ್ಲಿ ಅಕ್ಕ ಒಬ್ಬಳೇ ಬಸ್ಸಿನಲ್ಲಿ ಕೊಪ್ಪಕ್ಕೆ ಬಂದಳು. ದೊಡ್ಡವ್ವ ಇದ್ದ ಜಾಗ ನೋಡಬೇಕು ಎಂದಳು. ಮೂವರೂ ನರಸಿಂಹರಾಜಪುರಕ್ಕೆ ಹೋಗಿ, ಅಲ್ಲಿಂದ ಆಟೋ ಮಾಡಿಕೊಂಡು ಹಿನ್ನೀರಿನ ದಂಡೆಗೆ ಇಳಿದೆವು. ನೀರು ಹಿಂದೆ ಸರಿದಿತ್ತು. ಬಿರಿದ ಕೆಸರು, ಅಲ್ಲಲ್ಲಿ ಕಪ್ಪು ಮರದ ಬುಡಗಳು. ಅಕ್ಕ ಚಪ್ಪಲಿ ಕಳಚಿ ನಿಂತಳು. ನಾನೂ ಏನೋ ಆಗುತ್ತದೆಂದು ಕಾದೆ. ಅವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ಆ ಕಡೆ ಈ ಕಡೆ ನೋಡಿದಳು.

“ಇಲ್ಲಿ ಅಲ್ಲ ಕಣೆ. ನಂಗೆ ಒಂದೂ ಗುರ್ತು ಸಿಗ್ತಿಲ್ಲ.”

“ಸರಿಯಾಗಿ ನೋಡವ್ವ,” ಎಂದಳು ಅಕ್ಕ.

“ಎಂತ ನೋಡೋದು? ಬರೀ ಕೆಸರು. ಬಿಸಿಲು ಬೇರೆ. ನಡೀರಿ, ನಂಗೆ ಹಸಿವಾಗ್ತಿದೆ.”

ಪೇಟೆಗೆ ಮರಳಿ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕೂತೆವು. ಅವ್ವ ಮಸಾಲೆದೋಸೆ ತರಿಸಿಕೊಂಡಳು. ಅರ್ಧ ತಿಂದಾದ ಮೇಲೆ ತಾನಾಗಿಯೇ ಮಾತು ಶುರುಮಾಡಿದಳು. ದೊಡ್ಡವ್ವ ಹೊಳೆಯ ಈಚೆ ನಿಂತು ಕೂಗು ಹಾಕಿದರೆ ಆಚೆ ದಡದ ದನಗಳು ಕಿವಿ ನಿಮಿರಿಸುತ್ತಿದ್ದವಂತೆ. ಊರು ಬಿಟ್ಟು ನಡೆಯುವಾಗ ಮಕ್ಕಳು ಅಳಬಾರದೆಂದು ದಾರಿಯುದ್ದಕ್ಕೂ ಒಡತಿಯ ನಡಿಗೆಯನ್ನು, ಮಾತನ್ನು ಅಣಕಿಸಿ ತೋರಿಸುತ್ತಿದ್ದಳಂತೆ. ಹೇಳುತ್ತ ಅವ್ವ ಕೂತಲ್ಲೇ ಸೊಂಟ ತಿರುಗಿಸಿ, ಮೂಗು ಮೇಲೆತ್ತಿ, “ಏಯ್, ಹಂಡೆ ಮೇಲೆ ಹಂಡೆ ಇಡ್ಬೇಡ!” ಎಂದಳು. ಅಕ್ಕ ನಗುತ್ತ ನಗುತ್ತ ಕಾಫಿ ಚೆಲ್ಲಿಕೊಂಡಳು. ಮಾಣಿ ಒರೆಸಲು ಬಟ್ಟೆ ತಂದ. ಅವ್ವ ಅವನನ್ನು ನಿಲ್ಲಿಸಿ, ಸಾಂಬಾರು ನೀರಾಗಿದೆ, ಅಡುಗೆಯವರಿಗೆ ಹೇಳು ಎಂದಳು.